ಡಾನ್ಯೂಬ್ ದಂಡೆಯಲ್ಲಿ ಶೈಲಳ ಸೈಕಲ್ ಚಡ್ಡಿ

ತುಮಕೂರು

ನಮ್ಮ ಸೈಕಲ್ ಗುಂಪಿನ ಹೆಂಗಸರು ಮೂರು ತಿಂಗಳಿಂದ ನನ್ನ ಬೆನ್ನು ಬಿದ್ದಿದ್ದಾರೆ. ಆಸ್ಟ್ರಿಯಾ ಹೇಗಿತ್ತು, ನಿರ್ಮಲಕ್ಕ, ಬರೀರಿ ಅಂತ. ನೇರವಾಗಿ ಕೇಳುವ ಧೈರ್ಯ ಯಾರಿಗೂ ಇಲ್ಲ, ಅದಕ್ಕೆ ಹೀಗೆ ಸುತ್ತಿ ಬಳಸಿ ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ಆಸ್ಟ್ರಿಯಾ ಅಲ್ಲ. ಹೋದವರು ಇಬ್ಬರು, ಬಂದವಳು ಒಬ್ಬಳು ಯಾಕೆ ಎನ್ನುವುದು. ಎರಡನ್ನೂ ಬರೆಯುತ್ತೇನೆ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆಯಲು ನನಗೆ ಬರುವುದಿಲ್ಲ.

ಶೈಲಜ ನನ್ನ ನಾದಿನಿ, ನಮ್ಮ ಮನೆಯವರ ತಂಗಿ. ನಲವತ್ತೊಂದು ವರ್ಷ, ಮದುವೆಯಾಗಿರಲಿಲ್ಲ. ಗುಬ್ಬಿಯಲ್ಲಿ ಒಂದು ಸಹಕಾರ ಸಂಘದ ಕಚೇರಿಯಲ್ಲಿ ಕೆಲಸ, ಅಲ್ಲೇ ಒಂದು ಬಾಡಿಗೆ ಮನೆ, ಶನಿವಾರ ಬಸ್ಸು ಹತ್ತಿ ನಮ್ಮಲ್ಲಿಗೆ. ಮೂವತ್ತೈದಕ್ಕೇ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೀರಿ ಅಂದರು, ಅವಳು ಸೈಕಲ್ ಹತ್ತಿದಳು. ಅವಳೊಬ್ಬಳೇ ಹೋಗುವುದು ಬೇಡ ಅಂತ ನಾನೂ ಹತ್ತಿದೆ. ಕಾಲೇಜಿನಲ್ಲಿ ಗಣಿತ ಪಾಠ ಮಾಡಿ ಮಾಡಿ ಮಂಡಿ ಹಿಡಿದುಕೊಂಡಿದ್ದ ಕಾಲ ಅದು. ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನ ಹೆಂಗಸರು ದೇವರಾಯನದುರ್ಗದ ಬುಡದವರೆಗೆ ಹೋಗಿ, ಇಡ್ಲಿ ತಿಂದು, ತುಳಿದಷ್ಟನ್ನೂ ವಾಪಸ್ ಹೊಟ್ಟೆಗೆ ಹಾಕಿಕೊಂಡು ಬರುತ್ತಿದ್ದೆವು. ಗುಡ್ಡ ಪೂರಾ ಹತ್ತುತ್ತಿದ್ದವಳು ಶೈಲ ಒಬ್ಬಳೇ. ಮೇಲೆ ಹೋಗಿ, ಕೈಮುಗಿದು, ನಾವು ಎರಡನೇ ಕಾಫಿ ಮುಗಿಸುವಷ್ಟರಲ್ಲಿ ಇಳಿದಿರುತ್ತಿದ್ದಳು.

ಡಾನ್ಯೂಬ್ ನದಿಯ ದಂಡೆಯುದ್ದಕ್ಕೂ ಸೈಕಲ್‌ಗೆಂದೇ ದಾರಿ ಇದೆಯಂತೆ, ಬೆಂಗಳೂರಿನ ಒಂದು ಪ್ರವಾಸ ಕಂಪನಿಯವರು ಕರೆದುಕೊಂಡು ಹೋಗುತ್ತಾರಂತೆ ಎಂದು ಕಂಡುಹಿಡಿದವಳೂ ಅವಳೇ. ಹೊರಡುವ ಮುಂಚೆ ಅವರು ಕಳಿಸಿದ ಪಟ್ಟಿಯಲ್ಲಿ ಬಿಬ್ ಶಾರ್ಟ್ಸ್ ಅಂತ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದೊಂದು ಬಿಗಿ ಚಡ್ಡಿ. ಸೊಂಟಕ್ಕೆ ಎಲಾಸ್ಟಿಕ್ ಇರುವುದಿಲ್ಲ, ಹೆಗಲ ಮೇಲೆ ಹಾದುಹೋಗುವ ಎರಡು ಪಟ್ಟಿಗಳಿಂದ ಮೈಮೇಲೆ ನಿಲ್ಲುತ್ತದೆ. ಕೂರುವ ಜಾಗಕ್ಕೆ ಸರಿಯಾಗಿ ಒಳಗಡೆ ಒಂದು ಮೆತ್ತನೆ ಪ್ಯಾಡು. ಪ್ಯಾಡು ಇರಬೇಕಾದ ಕಡೆ ಇದ್ದರೆ ದಿನವಿಡೀ ತುಳಿದರೂ ಗೊತ್ತಾಗುವುದಿಲ್ಲ. ಎರಡು ಬೆರಳು ಆಚೀಚೆ ಆದರೆ ಅದರ ಅಂಚೇ ಮೈಯನ್ನು ಉಜ್ಜಿ ತಿನ್ನುತ್ತದೆ. ಇದೆಲ್ಲ ನಾನು ಆಮೇಲೆ ತಿಳಿದುಕೊಂಡಿದ್ದು.

ತುಮಕೂರಿನ ಸೈಕಲ್ ಅಂಗಡಿಯಲ್ಲಿ ಗಂಡಸರದ್ದು ಮಾತ್ರ ಇತ್ತು. ಹಾಕಿ ನೋಡುವ ಜಾಗ ಇರಲಿಲ್ಲ, ಇದ್ದಿದ್ದರೂ ನಾನು ಹಾಕಿ ನೋಡುತ್ತಿರಲಿಲ್ಲ. ಆನ್‌ಲೈನಿನಲ್ಲಿ ನನ್ನ ಅಳತೆಯದ್ದು ಎರಡು ತರಿಸಿದೆ. ಶೈಲಳಿಗೆ ಹೊಂದುವ ಅಳತೆ ಬರುವುದು ತಡವಾಗುತ್ತದೆ ಎಂದು ಗೊತ್ತಾದಾಗ ಎರಡನೆಯದನ್ನು ಅವಳಿಗೆ ಕೊಟ್ಟೆ. ನಾನು ಎತ್ತರದ, ಅಗಲದ ಹೆಂಗಸು. ಅವಳು ಕಡ್ಡಿ. ಪಟ್ಟಿ ಹೆಗಲಿಂದ ಜಾರುತ್ತಿತ್ತು. ನಾನು ಮಿಷನ್ ಹತ್ತಿರ ಕೂತು ಎರಡೂ ಪಟ್ಟಿಯನ್ನು ಮಡಚಿ ಗಟ್ಟಿ ಹೊಲಿಗೆ ಹಾಕಿಕೊಟ್ಟೆ. ರವಿಕೆಯನ್ನು ಹಿಡಿಸಿದಂತೆ ಇದನ್ನೂ ಹಿಡಿಸಬಹುದು ಎಂದುಕೊಂಡೆ. ಪಟ್ಟಿ ಗಿಡ್ಡವಾಯಿತು, ಪ್ಯಾಡು ಮುಂದಕ್ಕೆ ಎಳೆದುಕೊಂಡಿತು, ಅದರ ಅಂಚು ಸರಿಯಾಗಿ ತೊಡೆಸಂದಿಗೆ ಬಂತು. ಹೆಗಲು ಮಾತ್ರ ನೋಡಿ ಭೇಷ್ ಅಂದುಕೊಂಡೆ.

"ಸ್ವಲ್ಪ ಚುಚ್ಚುತ್ತೆ ಅತ್ತಿಗೆ, ಇಲ್ಲಿ," ಅಂದಳು.

"ಹೊಸದಲ್ವೇನೇ, ಹಾಕ್ತಾ ಹಾಕ್ತಾ ಮೆತ್ತಗಾಗುತ್ತೆ ಬಿಡು," ಅಂದೆ.

ಪಸ್ಸಾವ್

ಜರ್ಮನಿಯ ಈ ಊರಿನಿಂದ ಹೊರಡುವುದು. ಮೂರು ನದಿಗಳು ಇಲ್ಲಿ ಸೇರುತ್ತವೆ. ಒಂದು ಕಪ್ಪು, ಒಂದು ಹಸಿರು, ಒಂದು ಮಣ್ಣಿನ ಬಣ್ಣ. ಸ್ವಲ್ಪ ದೂರ ಮೂರೂ ಒಟ್ಟಿಗೆ ಹರಿದರೂ ಬಣ್ಣ ಬಿಟ್ಟುಕೊಡುವುದಿಲ್ಲ. ನಮ್ಮಲ್ಲಾಗಿದ್ದರೆ ಸಂಗಮ ಅಂತ ಒಂದು ದೇವಸ್ಥಾನ, ತಲೆ ಬೋಳಿಸುವವರ ಸಾಲು, ಹತ್ತು ಹೂವಿನ ಅಂಗಡಿ ಇರುತ್ತಿತ್ತು. ಅಲ್ಲಿ ಬೆಂಚಿನ ಮೇಲೆ ಮುದುಕರು ಐಸ್‌ಕ್ರೀಮ್ ತಿನ್ನುತ್ತಾ ಕೂತಿದ್ದರು. ಶೈಲ ಯಾರಿಗೂ ಕಾಣದ ಹಾಗೆ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ನಮಗೆ ದಾರಿ ತೋರಿಸಲು ಬಂದವಳು ಉಲ್ರಿಕೆ. ಅರವತ್ತು ದಾಟಿದ್ದ ಆಸ್ಟ್ರಿಯಾದ ಹೆಂಗಸು, ಮೊದಲು ಶಾಲೆಯಲ್ಲಿ ವ್ಯಾಯಾಮದ ಟೀಚರ್ ಆಗಿದ್ದಳಂತೆ. ಮೊದಲ ಸಂಜೆಯೇ ಹೋಟೆಲಿನ ಅಂಗಳದಲ್ಲಿ ಒಂದು ರಟ್ಟಿನ ಹಾಳೆ ಹಾಸಿ, ಒಬ್ಬೊಬ್ಬರಾಗಿ ಅದರ ಮೇಲೆ ಗಟ್ಟಿಯಾಗಿ ಕೂರಿ ಅಂದಳು. ಎದ್ದರೆ ರಟ್ಟಿನಲ್ಲಿ ಎರಡು ತಗ್ಗು. ಕೂರುವ ಮೂಳೆಗಳ ಗುರುತು. ಅದರ ಅಂತರ ಅಳೆದು, ಸೀಟು ಅಗಲ ಬೇಕಾ ಕಿರಿದು ಬೇಕಾ ಅಂತ ಹೇಳಿ, ಅದನ್ನೇ ಹಾಕಿಕೊಟ್ಟಳು. ಬೆಂಗಳೂರಿನಿಂದ ಬಂದಿದ್ದ ನಾಲ್ಕು ಜೋಡಿ ಗಂಡಹೆಂಡಿರು ನಗುನಗುತ್ತಾ ಕೂತು ಎದ್ದರು. ನನ್ನ ಸರದಿ ಬಂದಾಗ ನೆಲಕ್ಕಿಳಿದುಹೋಗಬಾರದೇ ಅನ್ನಿಸಿತು. ಗಂಡಸರ ಎದುರು ನನ್ನ ತಗ್ಗನ್ನು ಸ್ಕೇಲಿನಿಂದ ಅಳೆಯುತ್ತಿದ್ದಾಳೆ.

ಆಮೇಲೆ ಅವಳು ಎಲ್ಲರಿಗೂ ಕೇಳುವ ಹಾಗೆ ಮೂರು ಮಾತು ಹೇಳಿದಳು. ಬಿಬ್ ಒಳಗೆ ಏನೂ ಹಾಕಬೇಡಿ, ಒಳಉಡುಪಿನ ಹೊಲಿಗೆಯೇ ಮೈ ಕೊಯ್ಯುತ್ತದೆ. ದಿನವೂ ಒಗೆದು ಬಿಸಿಲಿಗೆ ಹಾಕಿ. ಸ್ವಲ್ಪ ಕೆಂಪಾದರೂ ನನಗೆ ಹೇಳಿ. "ಯಾರಿಗೆ ಸಕ್ಕರೆ ಕಾಯಿಲೆ ಇದೆ?" ಅಂದಳು. ಶೈಲ ಕೈ ಎತ್ತಿದಳು. "ನೀವಂತೂ ಖಂಡಿತ ಹೇಳಬೇಕು," ಅಂದಳು ಉಲ್ರಿಕೆ.

ರೂಮಿಗೆ ಬಂದ ಮೇಲೆ ಶೈಲ ಕೇಳಿದಳು. "ಒಳಗೇನೂ ಹಾಕ್ಬಾರ್ದಂತಲ್ಲ ಅತ್ತಿಗೆ. ಏನ್ ಮಾಡೋಣ?"

"ಅವ್ರು ಹಾಕದೆ ಇರ್ಲಿ. ನಮ್ಮೋರೆಲ್ಲ ಹಿಂದ್ಗಡೆ ಬರ್ತಿರ್ತಾರೆ, ಥೂ. ಸುಮ್ನೆ ಹಾಕ್ಕೋ ನೀನು."

ಅವಳು ಹಾಕಿಕೊಂಡಳು. ನಾನು ಹೇಳಿದ್ದಕ್ಕೆ ಇಲ್ಲ ಅಂದವಳಲ್ಲ ಅವಳು. ಅವಳ ಮನೆಗೆ ನಾನು ಸೊಸೆಯಾಗಿ ಬಂದಾಗ ಅವಳಿನ್ನೂ ಲಂಗ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ ಹುಡುಗಿ. ಜಡೆ ಹೆಣೆದದ್ದರಿಂದ ಹಿಡಿದು ಬ್ಯಾಂಕಿನ ಫಾರಂ ತುಂಬಿಸಿದ್ದರವರೆಗೆ ಎಲ್ಲವನ್ನೂ ನಾನೇ ಹೇಳಿಕೊಟ್ಟಿದ್ದು.

ಶ್ಲೋಗನ್

ಇಲ್ಲಿ ನದಿ ಗುಡ್ಡಕ್ಕೆ ಹಾಯ್ದು ಬಂದ ದಿಕ್ಕಿಗೇ ತಿರುಗಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಲಾಳದ ಹಾಗೆ. ಗುಡ್ಡದ ತುಂಬಾ ಮರ, ದಂಡೆಯಲ್ಲಿ ಒಂದು ಹೋಟೆಲು, ಮಧ್ಯೆ ಗಂಟೆಗೊಂದು ದೋಣಿ. ಎಷ್ಟು ನಿಶ್ಶಬ್ದ ಎಂದರೆ ನಮ್ಮ ಬಿ.ಎಚ್. ರಸ್ತೆಯಲ್ಲಿ ಬದುಕಿದವರಿಗೆ ಕಿವಿಗೇನೋ ಆಗಿದೆ ಅನ್ನಿಸುತ್ತದೆ.

ಆ ಜನರ ವಿಷಯ ಹೇಳಬೇಕು. ದಾರಿಯಲ್ಲಿ ಯಾರದೋ ತೋಟದ ಮುಂದೆ ಹಣ್ಣಿನ ಬುಟ್ಟಿ ಇಟ್ಟು ಹೋಗಿರುತ್ತಾರೆ, ಕಾಯುವವರಿಲ್ಲ. ಎದುರಿಗೆ ಬಂದವರೆಲ್ಲ ತಲೆ ಆಡಿಸಿ ನಮಸ್ಕಾರ ಹೇಳುತ್ತಾರೆ. ಹಾಗೇ ನದಿಗೆ ಈಜಲು ಇಳಿದವರು ಮೇಲೆ ಬಂದು, ಎಪ್ಪತ್ತು ವರ್ಷದ ಗಂಡಹೆಂಡಿರು, ದಾರಿ ಪಕ್ಕದಲ್ಲೇ ಬಟ್ಟೆ ಬದಲಾಯಿಸುತ್ತಾರೆ. ಯಾರೂ ನೋಡುವುದಿಲ್ಲ. ನಾನೊಬ್ಬಳೇ ನೋಡಿದೆ, ನೋಡಿ ಮುಖ ತಿರುಗಿಸಿದೆ.

ಉಲ್ರಿಕೆ ತನ್ನ ಬಿಬ್ಬನ್ನು ರಾತ್ರಿ ಒಗೆದು, ಒಣಗದಿದ್ದರೆ ಬೆಳಿಗ್ಗೆ ಸೈಕಲಿನ ಕ್ಯಾರಿಯರಿಗೆ ಕ್ಲಿಪ್ಪು ಹಾಕಿ ಬಿಡುತ್ತಿದ್ದಳು. ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಾ ಅದು ನಮ್ಮ ಮುಂದೆ ಮುಂದೆ ಹೋಗುತ್ತಿತ್ತು. ಹೋಟೆಲಿನ ಬಾಲ್ಕನಿಗಳಲ್ಲೂ ಅಷ್ಟೇ. ಗಂಡಸರದ್ದು, ಹೆಂಗಸರದ್ದು, ಎಲ್ಲ ಪ್ಯಾಡು ಹೊರಗೆ ಮಾಡಿಕೊಂಡು ಸಾಲಾಗಿ ನೇತಾಡುತ್ತಿದ್ದವು.

ನಾವು ಹೇಗೆ ಒಣಗಿಸುತ್ತೇವೆ ಎಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ತಾಯಂದಿರು ಹೇಳಿಕೊಟ್ಟ ಹಾಗೆ. ಒಳಬಟ್ಟೆ ತಂತಿ ಮೇಲೆ, ಅದರ ಮೇಲೊಂದು ಟವೆಲ್ಲು ಅಥವಾ ಹಳೇ ಸೀರೆ. ಬಿಸಿಲು ಟವೆಲ್ಲಿಗೆ, ಅದರ ಕೆಳಗಿರುವುದಕ್ಕೆ ನೆರಳು. ನಾನು ನಮ್ಮಿಬ್ಬರದನ್ನೂ ಒಗೆದು ಬಚ್ಚಲುಮನೆ ಬಾಗಿಲ ಹಿಂದಿನ ಮೊಳೆಗೆ ಹಾಕಿ, ಮೇಲೆ ಟವೆಲ್ಲು ಹೊದಿಸಿದೆ.

"ಬಾಲ್ಕನಿಲಿ ಒಳ್ಳೆ ಬಿಸಿಲಿದೆ ಅತ್ತಿಗೆ. ಇಲ್ಲಿ ನಮ್ಮನ್ನ ಯಾರ್ ನೋಡ್ತಾರೆ?"

"ಪಕ್ಕದ ರೂಮಲ್ಲಿ ಬೆಂಗಳೂರಿನೋರು ಇದಾರಲ್ಲ."

ಬೆಳಿಗ್ಗೆ ಮುಟ್ಟಿದರೆ ಪ್ಯಾಡು ತಣ್ಣಗೆ ಒದ್ದೆ. ನನ್ನದೂ ಅಷ್ಟೇ. "ಮೈ ಕಾವಿಗೆ ಒಣಗುತ್ತೆ ಬಾ," ಅಂದೆ. ನನ್ನ ಮೈ ತಡೆದುಕೊಂಡಿತು. ಅಳತೆ ನನಗೆ ಸರಿಯಾಗಿತ್ತು, ಸಕ್ಕರೆ ಕಾಯಿಲೆ ನನಗಿರಲಿಲ್ಲ.

ಇನ್ನೊಂದು. ಹೆಗಲ ಪಟ್ಟಿ ಇರುವುದರಿಂದ, ಮೂತ್ರಕ್ಕೆ ಹೋಗಬೇಕಾದರೆ ಮೇಲಿನ ಅಂಗಿ ಪೂರ್ತಿ ತೆಗೆಯಬೇಕು. ಉಲ್ರಿಕೆ ಜೋಳದ ಹೊಲದೊಳಗೆ ಹೋಗಿ ಎರಡು ನಿಮಿಷದಲ್ಲಿ ಬರುತ್ತಿದ್ದಳು. ನಾವು ಮಧ್ಯಾಹ್ನದ ಊಟದ ಜಾಗ ಸಿಗುವವರೆಗೆ ನೀರೇ ಕುಡಿಯುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಕಲಿತ ಅಭ್ಯಾಸ. ಟಾಯ್ಲೆಟ್ ಇಲ್ಲದ ಶಾಲೆಯಲ್ಲಿ ಓದಿದ ಹೆಂಗಸರಿಗೆ ನೀರು ಕುಡಿಯದೆ ಸಂಜೆ ಮಾಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಲಿನ್ಸ್

ದೊಡ್ಡ ಊರು. ಟ್ರಾಮು, ಚೌಕ, ಬಣ್ಣ ಬಣ್ಣದ ಗೋಡೆಗಳು. ನನಗೆ ಈ ಊರಿನಲ್ಲಿ ಏನೂ ನೆನಪಿಲ್ಲ. ಅಲ್ಲಿಗೆ ಬರುವ ದಾರಿ ಮಾತ್ರ ನೆನಪಿದೆ. ಮುಂದೆ ಹೋಗುತ್ತಿದ್ದ ಶೈಲ ಆಗಾಗ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದಳು. ಚಪ್ಪಟೆ ದಾರಿಯಲ್ಲಿ ಹಾಗೆ ಯಾರೂ ತುಳಿಯುವುದಿಲ್ಲ.

ರೂಮಿನಲ್ಲಿ ಮಂಚದ ತುದಿಗೆ ಒಂದು ಮಗ್ಗುಲಾಗಿ ಕೂತು ಹೇಳಿದಳು. "ಗುಳ್ಳೆ ಎದ್ದಿದೆ ಅತ್ತಿಗೆ. ಗಟ್ಟಿಗಿದೆ. ನೋಡ್ತೀರಾ ಸ್ವಲ್ಪ?"

ನಾನು ನೋಡಲಿಲ್ಲ. ಇದನ್ನು ಬರೆಯುವಾಗ ಪೆನ್ನು ಕೆಳಗಿಟ್ಟು ಎದ್ದು ಹೋಗಿ ಬಂದೆ. ಇಪ್ಪತ್ತಾರು ವರ್ಷ ಒಂದೇ ಮನೆಯ ಹೆಣ್ಣುಮಕ್ಕಳಾಗಿ ಬದುಕಿದ್ದೆವು. ಅವಳ ತಲೆಯ ಹೇನು ತೆಗೆದಿದ್ದೇನೆ. ಟೈಫಾಯಿಡ್ ಆದಾಗ ವಾಂತಿ ಬಳಿದಿದ್ದೇನೆ. ಅಲ್ಲಿ ಮಾತ್ರ ನೋಡಲಿಲ್ಲ. ನನ್ನ ಚೀಲದಲ್ಲಿದ್ದ ಕೊಬ್ಬರಿ ಎಣ್ಣೆ ಶೀಶೆ ಕೊಟ್ಟು, "ಹಚ್ಕೊಂಡು ಮಲಕ್ಕೋ, ಸೆಖೆ ಗುಳ್ಳೆ ಇರುತ್ತೆ," ಅಂದೆ.

ಮಾರನೇ ದಿನ ಶುಕ್ರವಾರ, ಲಿನ್ಸ್‌ನಲ್ಲೇ ವಿಶ್ರಾಂತಿ. ಬೆಳಿಗ್ಗೆ ತಿಂಡಿ ಮೇಜಿನಲ್ಲಿ ಉಲ್ರಿಕೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಕೇಳಿದಳು, "ಎಲ್ಲರ ಹಿಂಭಾಗ ಹೇಗಿದೆ?" ನಮ್ಮಲ್ಲಿ ಕಾಫಿ ಹೇಗಿದೆ ಅಂತ ಕೇಳುವ ಧಾಟಿ. ಬೆಂಗಳೂರಿನ ಒಬ್ಬ ಗಂಡಸು ತನಗೆ ಎಡಗಡೆ ಉರಿ ಅಂದ, ಅವಳು ಅವನಿಗೊಂದು ಕ್ರೀಮು ಕೊಟ್ಟಳು. ಆಮೇಲೆ ಶೈಲಳ ಕಡೆ ನೋಡಿದಳು. ಶೈಲ ನನ್ನ ಕಡೆ ನೋಡಿದಳು.

"ಅವಳು ಚೆನ್ನಾಗಿದ್ದಾಳೆ," ಅಂದೆ ನಾನು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅವಳ ಪರವಾಗಿ ಮಾತಾಡುವುದು ಎಲ್ಲ ಕಡೆಯೂ ನನ್ನ ಕೆಲಸವಾಗಿತ್ತು.

ಅವತ್ತು ಇಡೀ ದಿನ ಅವಳು ಮಲಗೇ ಇದ್ದಳು. ಮೈಕೈ ನೋವು ಅಂದಿದ್ದಕ್ಕೆ ನಮ್ಮೂರಿಂದ ತಂದಿದ್ದ ಜ್ವರದ ಮಾತ್ರೆ ಕೊಟ್ಟೆ. ನಾನು ಒಬ್ಬಳೇ ಹೋಗಿ ಎರಡು ಚರ್ಚು ನೋಡಿ ಬಂದೆ.

ಗ್ರೈನ್

ಶನಿವಾರ ಅರ್ಧ ದಾರಿಯಲ್ಲಿ ಶೈಲ ಸೈಕಲ್ ಇಳಿದು ನಿಂತುಬಿಟ್ಟಳು. ಮುಖದಲ್ಲಿ ನೆತ್ತರಿರಲಿಲ್ಲ. ಉಲ್ರಿಕೆ ನನ್ನನ್ನು ಏನೂ ಕೇಳಲಿಲ್ಲ. ನೇರವಾಗಿ ಅವಳನ್ನೇ ಕೇಳಿದಳು, ತನ್ನ ಹಿಂಭಾಗಕ್ಕೆ ಕೈ ತೋರಿಸಿ, ಇಲ್ಲಿಯಾ ಅಂತ. ಶೈಲ ಹೌದು ಅಂದಳು. ಸಾಮಾನು ಹೊರುವ ವ್ಯಾನಿನಲ್ಲಿ ಮೂವರೂ ನದಿ ದಂಡೆಯ ಈ ಸಣ್ಣ ಊರಿಗೆ ಬಂದೆವು. ಆ ದೇಶದಲ್ಲಿ ಶನಿವಾರ ಭಾನುವಾರ ಒಬ್ಬ ಡಾಕ್ಟರು ಸರದಿ ಮೇಲೆ ಇರುತ್ತಾರೆ. ಅವತ್ತಿನ ಸರದಿಯವರು ಬಿಳಿ ಮೀಸೆಯ ಮುದುಕರು. ಅಂಗಳದಲ್ಲಿ ಗುಲಾಬಿ ಗಿಡ, ಒಳಗೆ ಚೊಕ್ಕ ಕೋಣೆ, ಗೋಡೆಗೆ ಮೊಮ್ಮಕ್ಕಳು ಬರೆದ ಚಿತ್ರ. ಉಲ್ರಿಕೆ ಹೊರಗೆ ಕೂತಳು. ನಾನು ಒಳಗೆ ಹೋದೆ, ಅವಳ ಮಾತಿಗೆ ಬೇಕಲ್ಲ.

ಡಾಕ್ಟರು ಕೈ ತೊಳೆದು, ಗ್ಲೌಸ್ ಹಾಕಿಕೊಂಡು, ಮಂಚ ತೋರಿಸಿದರು. ಶೈಲ ಬಗ್ಗಿ ಷೂ ಬಿಚ್ಚಿದಳು. ಮೇಲಂಗಿ ಜಿಪ್ಪಿಗೆ ಕೈ ಹಾಕಿದಳು. ಹಾಕಿ, ನನ್ನ ಕಡೆ ತಿರುಗಿದಳು.

"ತೋರಿಸ್ಲಾ ಅತ್ತಿಗೆ?"

ಆ ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲಿ ಬಂದದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಗಾಯ ಬರಲಿಲ್ಲ, ಸಕ್ಕರೆ ಬರಲಿಲ್ಲ. ನಮ್ಮ ಅತ್ತೆ ಬಂದರು. ಮದುವೆಯಾಗದ ಮಗಳನ್ನು ನನ್ನ ಕೈಗೆ ಕೊಟ್ಟು ಕಳಿಸಿದ್ದಾರೆ, ಪರದೇಶದಲ್ಲಿ ಗಂಡಸಿನ ಮುಂದೆ ಬಟ್ಟೆ ಬಿಚ್ಚಿಸಿದೆ ಅಂತ ಗೊತ್ತಾದರೆ ಏನಂದುಕೊಂಡಾರು ಅಂತ ಬಂತು.

"ಬೇಡ ತಡಿ. ಲೇಡಿ ಡಾಕ್ಟ್ರು ಇದಾರಾ ಕೇಳ್ತೀನಿ."

ಕೇಳಿದೆ. ಈ ಊರಿನಲ್ಲಿ ಸೋಮವಾರ ಬರುತ್ತಾರೆ ಅಂದರು ಅವರು. ಅಥವಾ ಈಗಲೇ ದೊಡ್ಡಾಸ್ಪತ್ರೆಗೆ ಹೋಗಬಹುದು, ವ್ಯಾನಿನಲ್ಲಿ ಒಂದು ಗಂಟೆ. "ಜ್ವರ ಇದೆಯೇ?" ಅಂದರು. ಇಲ್ಲ ಅಂದೆ. ಬೆಳಿಗ್ಗೆ ಮಾತ್ರೆ ನುಂಗಿಸಿದ್ದು ನಾನೇ, ಜ್ವರ ಎಲ್ಲಿಂದ ಕಾಣಬೇಕು. "ಎಷ್ಟು ದಿನವಾಯಿತು?" ನಿನ್ನೆಯಿಂದ ಅಂದೆ. ಶೈಲಳಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು. ಅವಳು ನನ್ನ ಮುಖ ನೋಡಿದಳು, ಆದರೆ ತಿದ್ದಲಿಲ್ಲ.

ಮುದುಕರು ಗ್ಲೌಸ್ ತೆಗೆದರು. ಸಿಟ್ಟು ಮಾಡಲಿಲ್ಲ. ನೋಡದೆ ನಾನು ಔಷಧಿ ಬರೆಯುವುದಿಲ್ಲ, ಸಕ್ಕರೆ ಇರುವವರು ಇದನ್ನು ಕಾಯಬಾರದು, ಇವತ್ತೇ ಆಸ್ಪತ್ರೆಗೆ ಹೋಗಿ ಎಂದು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿ, ಆಸ್ಪತ್ರೆಯ ವಿಳಾಸ ಬರೆದುಕೊಟ್ಟರು. ಶೈಲ ಮತ್ತೆ ಬಗ್ಗಿ ಷೂ ಹಾಕಿಕೊಂಡಳು. ಬಗ್ಗುವಾಗ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹೊರಗೆ ಉಲ್ರಿಕೆ, "ಏನಂದರು?" ಅಂದಳು. ಮುಲಾಮು ಹಚ್ಚಿ, ಸೋಮವಾರ ಲೇಡಿ ಡಾಕ್ಟರಿಗೆ ತೋರಿಸಿ ಅಂದರು ಎಂದೆ. ಚೀಟಿ ನನ್ನ ಜೇಬಿನಲ್ಲಿತ್ತು. ಔಷಧಿ ಅಂಗಡಿಯಲ್ಲಿ ಒಂದು ಮುಲಾಮು ತೆಗೆದುಕೊಂಡೆ. ದೊಡ್ಡಾಸ್ಪತ್ರೆಯಲ್ಲೂ ಗಂಡಸೇ ಇದ್ದರೆ? ಭಾನುವಾರ ಒಂದು ದಿನ ತಾನೆ, ಕಳೆದುಹೋಗುತ್ತದೆ ಅನ್ನಿಸಿತು.

ಮೆಲ್ಕ್

ಬೆಟ್ಟದ ಮೇಲೆ ಹಳದಿ ಬಣ್ಣದ ಮಹಾ ಮಠ. ಚಿತ್ರಗಳಲ್ಲಿ ನೋಡಿರುತ್ತೀರಿ. ಭಾನುವಾರ ಅಲ್ಲಿ ಅಂಗಡಿ ಮುಂಗಟ್ಟು ಏನೂ ಇರುವುದಿಲ್ಲ, ಊರಿಗೆ ಊರೇ ಮಲಗಿದ ಹಾಗೆ. ಗುಂಪು ಸೈಕಲಿನಲ್ಲಿ ಬಂತು. ಶೈಲ, ಮಧ್ಯಾಹ್ನಕ್ಕೆ ಸರಿಹೋದರೆ ತುಳಿಯುತ್ತೇನೆ ಅಂತ ಅದೇ ಬಿಬ್ ಹಾಕಿಕೊಂಡು, ವ್ಯಾನಿನ ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿ ಬಂದಳು, ನಾನು ಅವಳ ತಲೆ ತೊಡೆ ಮೇಲಿಟ್ಟುಕೊಂಡಿದ್ದೆ.

ಮಠದ ಕೆಳಗಿನ ಬೆಂಚಿನಲ್ಲಿ ಕೂತಿದ್ದಾಗ, ಮಧ್ಯಾಹ್ನ ಒಳ್ಳೆ ಬಿಸಿಲಿನಲ್ಲಿ, ಅವಳಿಗೆ ನಡುಕ ಬಂತು. ಹಲ್ಲು ಕಟಕಟ ಅನ್ನುತ್ತಿತ್ತು.

"ಅತ್ತಿಗೆ, ಅಮ್ಮಂಗೆ ಹೇಳ್ಬೇಡಿ, ಹೆದರ್ಕೊತಾರೆ."

"ಏನೂ ಆಗಿಲ್ಲ ಕಣೇ, ಏನ್ ಹೇಳೋದು," ಅಂದೆ.

ಆಮೇಲೆ ಅವಳು ಬೇರೆ ಏನೇನೋ ಮಾತಾಡತೊಡಗಿದಳು. ಕಚೇರಿಯ ಬೀಗದ ಕೈ ಯಾರ ಹತ್ತಿರ ಇದೆ, ಚೇಳೂರು ಬಸ್ಸು ಹೋಯಿತಾ ಅಂತ. ಉಲ್ರಿಕೆ ಮೆಟ್ಟಿಲಿಳಿದು ಓಡಿ ಬಂದಳು. ಅವಳ ಹಣೆ ಮುಟ್ಟಿ, ನನ್ನ ಕಡೆ ಒಂದು ಸಲ ನೋಡಿ, ಆಂಬುಲೆನ್ಸಿಗೆ ಫೋನ್ ಮಾಡಿದಳು. ಹತ್ತು ನಿಮಿಷದಲ್ಲಿ ಬಂತು. ಒಳಗೆ ಮೂರು ಜನ, ಮೂವರೂ ಗಂಡಸರು. ಒಬ್ಬ ಕತ್ತರಿ ತೆಗೆದುಕೊಂಡು ನಾನು ಗಟ್ಟಿ ಹೊಲಿಗೆ ಹಾಕಿದ್ದ ಪಟ್ಟಿಯನ್ನು ಕತ್ತರಿಸಿದ, ಆಮೇಲೆ ಪಕ್ಕದಿಂದ ಕೆಳಗಿನವರೆಗೆ. ನಾನು ಅಲ್ಲೇ ನಿಂತಿದ್ದೆ. ಆಗ ಮೊದಲ ಸಲ ಗಾಯ ನೋಡಿದೆ. ಅದು ಗುಳ್ಳೆ ಆಗಿರಲಿಲ್ಲ. ಅಂಗೈಯಗಲ ಕಪ್ಪಾಗಿತ್ತು.

ಆಸ್ಪತ್ರೆ

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನವರು ಮಾಡಬೇಕಾದ್ದನ್ನೆಲ್ಲ ಮಾಡಿದರು, ಅವರ ಹೆಸರು ನನ್ನ ಈ ಕಥೆಯೊಳಗೆ ಬೇಡ. ಭಾನುವಾರ ಒಂದು ಸಲ, ಸೋಮವಾರ ಎರಡು ಸಲ ಆಪರೇಷನ್ ಮಾಡಿದರು. ಸತ್ತ ಮಾಂಸ ತೆಗೆದಷ್ಟೂ ಅದು ಮುಂದಕ್ಕೆ ಹೋಗುತ್ತಿತ್ತು. ಸಕ್ಕರೆ ಇರುವ ಮೈಯಲ್ಲಿ ಹೀಗಾಗುತ್ತದೆ ಅಂದರು ಸರ್ಜನ್. ಎತ್ತರದ, ಚಿಕ್ಕ ವಯಸ್ಸಿನ ಗಂಡಸು. ಎಷ್ಟು ದಿನದಿಂದ ಇತ್ತು ಎಂದು ಕೇಳಿದರು. ಗುರುವಾರದಿಂದ ಎಂದೆ, ಈ ಸಲ ನಿಜ. ಶನಿವಾರ ಬಂದಿದ್ದರೆ ಎಂದು ನಾನೇ ಕೇಳಿದೆ. "ಹೆಚ್ಚು ಅವಕಾಶ ಇರುತ್ತಿತ್ತು," ಅಂದರು. ನನ್ನ ಸಮಾಧಾನಕ್ಕೆ ಬೇರೆ ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಆ ಜನ ಸಮಾಧಾನಕ್ಕೆ ಸುಳ್ಳು ಹೇಳುವುದಿಲ್ಲ.

ಮಂಗಳವಾರ ಅವಳಿಗೆ ಸ್ವಲ್ಪ ಎಚ್ಚರ ಬಂದಿತ್ತು. ಬಾಯಿಗೆ ಕೊಳವೆ, ಮಾತಿಲ್ಲ. ನನ್ನ ಕೈ ಹಿಡಿದುಕೊಂಡು ಬೆರಳಿನಿಂದ ಅಂಗೈ ಸವರಿದಳು. ಯಾರು ಯಾರಿಗೆ ಧೈರ್ಯ ಹೇಳಬೇಕಿತ್ತೋ ಅದು ಉಲ್ಟಾ ಆಗಿತ್ತು. ತಪ್ಪಾಯ್ತು ಕಣೇ ಅಂದೆ. ಅವಳಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಹೋದಳು.

ಮಧ್ಯಾಹ್ನ ಉಲ್ರಿಕೆ ನನ್ನನ್ನು ಹೋಟೆಲಿಗೆ ಕರೆದುಕೊಂಡು ಬಂದಳು. ನಾನು ಆಸ್ಪತ್ರೆಯಲ್ಲಿದ್ದಾಗ ಅವಳು ನಮ್ಮ ಚೀಲದಲ್ಲಿದ್ದ ಒದ್ದೆ ಬಟ್ಟೆಗಳನ್ನೆಲ್ಲ ತೆಗೆದು ಒಗೆದು ಬಾಲ್ಕನಿಯಲ್ಲಿ ಹಾಕಿದ್ದಳು. ಶೈಲಳ ಜರ್ಸಿ, ಕಾಲುಚೀಲ, ಒಳಬಟ್ಟೆ, ಟವೆಲ್ಲು, ಎಲ್ಲ ರಸ್ತೆಗೆ ಕಾಣುವ ಹಾಗೆ. ಎರಡೇ ಗಂಟೆಯಲ್ಲಿ ಒಣಗಿ ಗರಿಗರಿಯಾಗಿದ್ದವು. ಕೆಳಗೆ ಜನ ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು. ಒಬ್ಬರೂ ಮೇಲೆ ನೋಡಲಿಲ್ಲ.

ಉಲ್ರಿಕೆ ನನ್ನ ಜೊತೆ ಬಟ್ಟೆ ಮಡಚಿದಳು. ಮಡಚುತ್ತಾ, ಶನಿವಾರದ ಡಾಕ್ಟರಿಗೆ ಫೋನ್ ಮಾಡಿದ್ದೆ ಅಂದಳು. ಅಷ್ಟೇ ಅಂದಳು. ನಾನು ಜೇಬಿನಲ್ಲಿದ್ದ ಚೀಟಿ ತೆಗೆದು ಅವಳಿಗೆ ಕೊಟ್ಟೆ. ಅವಳು ಓದಿ, ಮೇಜಿನ ಮೇಲಿಟ್ಟು, ಮತ್ತೆ ಬಟ್ಟೆ ಮಡಚತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ ತುಮಕೂರು

ಎಂಟು ದಿನದ ಮೇಲೆ ಶೈಲ ಪೆಟ್ಟಿಗೆಯಲ್ಲಿ ಬಂದಳು. ಕುಣಿಗಲ್ ಕಡೆ ಕೊತ್ತಗೆರೆಯ ಹತ್ತಿರ ನಮ್ಮ ಮಾವನವರ ಜಮೀನಿದೆ, ಅಲ್ಲೇ ಸಂಸ್ಕಾರ ಮಾಡಿದೆವು. ಸಾವಿಗೆ ಬಂದವರು ಏನಾಗಿತ್ತು ಅಂತ ಕೇಳಿದರು. ಇನ್‌ಫೆಕ್ಷನ್ ಅಂದೆ. ಎಲ್ಲಿ ಅಂತ ಕೇಳಿದವರಿಗೆ ಕಾಲಿಗೆ ಅಂದೆ. ಗುಬ್ಬಿಯ ಕಚೇರಿಯವರು ಬಂದು ಪುಣ್ಯಾತ್ಗಿತ್ತಿ ಅಂತ ಅತ್ತರು. ನಮ್ಮ ಮನೆಯವರು, "ನೀನ್ ಜೊತೆಲಿದ್ದಿದ್ದಕ್ಕೆ ಅವ್ಳು ಅಲ್ಲಿ ಅನಾಥೆ ಆಗ್ಲಿಲ್ಲ," ಅಂದರು. ಅದನ್ನೂ ಕೇಳಿಕೊಂಡೆ.

ಕಾಲಿಗೆ ಗಾಯವಾಗಿ ಸತ್ತಳು ಎನ್ನುವುದು ಊರಿಗೆಲ್ಲ ಒಪ್ಪಿತವಾಯಿತು. ನನ್ನ ಅತ್ತೆಗೆ ಒಪ್ಪಿತವಾಗಲಿಲ್ಲ. ಎಂಬತ್ತು ಸಮೀಪಿಸಿದ ಹೆಂಗಸು. ನಾನು ಇಪ್ಪತ್ತಾರು ವರ್ಷದಿಂದ ಅವರ ಎದುರು ಕಾಲು ಚಾಚಿ ಕೂತವಳಲ್ಲ. ತಿಥಿಯೆಲ್ಲ ಕಳೆದು ಬಂದವರು ಹೋದ ಮೇಲೆ, ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದವರು ತಲೆ ಎತ್ತದೆ ಕೇಳಿದರು.

"ಪೆಟ್ಟಿಗೆ ತೆಗುದಾಗ ಕಾಲು ನೋಡ್ದೆ ನಾನು. ಕಾಲು ಚೆನ್ನಾಗಿತ್ತು. ಎಲ್ಲಾಗಿತ್ತು ನಿರ್ಮಲಾ?"

ನಾನು ಅವರ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ನನ್ನ ಅಳತೆಯ ಚಡ್ಡಿ, ನಾನು ಹಾಕಿದ ಹೊಲಿಗೆ, ಟವೆಲ್ಲಿನ ಕೆಳಗೆ ಒಣಗಿಸಿದ್ದು, ಅವಳು ನೋಡ್ತೀರಾ ಅಂದಾಗ ನಾನು ನೋಡದೆ ಇದ್ದದ್ದು. ಕೊನೆಗೆ ಶನಿವಾರದ ಡಾಕ್ಟರ ವಿಷಯ. ಗಂಡಸು ಅಂತ ನಾನು ಬೇಡ ಅಂದೆ ಅತ್ತೆ, ಅವಳು ಷೂ ಬಿಚ್ಚಿದ್ದಳು ಅಂದೆ.

ಅವರು ಸುಲಿದ ಬೆಳ್ಳುಳ್ಳಿಯನ್ನು ಒಂದು ಕಡೆ, ಸಿಪ್ಪೆಯನ್ನು ಒಂದು ಕಡೆ ಮಾಡಿದರು.

"ಅವ್ಳು ಹುಟ್ಟುವಾಗ ಅಡ್ಡ ಸಿಕ್ಕೊಂಡಿದ್ಲು ಕಣವ್ವ," ಅಂದರು. "ಎರಡು ದಿನ ಸೂಲಗಿತ್ತಿ ಕೈಲಾಗ್ಲಿಲ್ಲ. ಗಾಡಿ ಕಟ್ಕೊಂಡು ಕುಣಿಗಲ್ ಆಸ್ಪತ್ರೆಗೆ ಹೊತ್ಕೊಂಡೋದ್ರು. ಗಂಡಸು ಡಾಕ್ಟ್ರೇ ಕೈ ಹಾಕಿ ಈಚೆಗೆ ತೆಗುದ್ರು ಅವಳ್ನ. ನಮ್ಮತ್ತೆ ಬಾಗ್ಲಲ್ಲಿ ನಿಂತ್ಕೊಂಡು ಬೇಗ ತೆಗೀರಪ್ಪಾ ಅಂತಿದ್ರು. ಯಾರೂ ಏನೂ ಅನ್ಕೊಳ್ಳಿಲ್ಲ."

ನಾನು ನೆಲಕ್ಕೆ ಬಿದ್ದಿದ್ದ ಒಂದು ಸಿಪ್ಪೆ ಎತ್ತಿ ರಾಶಿಗೆ ಹಾಕಿದೆ.

"ನೀನ್ಯಾರಿಗ್ ಹೆದರ್ಕೊಂಡೆ?"

"ನಿಮಗೆ ಅತ್ತೆ. ನೀವೇನಂದ್ಕೊತೀರೋ ಅಂತ."

ಅವರು ಮೊದಲ ಸಲ ನನ್ನ ಮುಖ ನೋಡಿದರು. ಕಣ್ಣಲ್ಲಿ ನೀರಿರಲಿಲ್ಲ.

"ನನ್ನ ಒಂದು ಮಾತು ಕೇಳ್ಬೋದಿತ್ತಲ್ಲವ್ವ," ಅಂದರು. "ಫೋನಿತ್ತಲ್ಲ."